ಬೀದಿಗಡ್ಡ ಒಂದು ವೈರು

ಬಾಳೆದಿಂಡು, ಚೆಂಡುಹೂವು ಕಟ್ಟಿದ ಶವದ ವಿಮಾನ ಹೆಗಲೇರಿ ಹೊರಟಿತ್ತಷ್ಟೆ, ಬೀದಿಯ ನಡುವೆ ಗಕ್ಕನೆ ನಿಂತಿತು. ಒಳಗೆ ವಿಭೂತಿ ಬಳಿದುಕೊಂಡು ಕುಳಿತಿದ್ದ ಮುರುಗೇಶಪ್ಪನವರ ದೇಹ ಸಣ್ಣಗೆ ವಾಲಿತು. ವಿಮಾನದ ಕಳಸ, ಬೀದಿಗಡ್ಡ ಜೋತುಬಿದ್ದ ಕಪ್ಪು ವೈರಿಗೆ ತಗುಲಿತ್ತು. ಸಮಾಳದವರು ಬಡಿಯುವುದನ್ನು ನಿಲ್ಲಿಸಿದರು.

"ಯಾರದ್ರೋ ಇದು?"

"ಇನ್ಯಾರದು, ಇವನದೇ. ಹೋಗಾಕೂ ತಾನೇ ಅಡ್ಡ ಹಾಕ್ಕಂಡಾನೆ," ಎಂದರು ಮುರುಗೇಶಪ್ಪನವರ ಅಣ್ಣ ರೇವಣ್ಣ. "ಕಟಿಂಗ್ ಪ್ಲೇರ್ ತರ್ರೋ."

ಅಳುತ್ತಿದ್ದ ನಿರ್ಮಲಮ್ಮ ತಟ್ಟನೆ ತಲೆಯೆತ್ತಿದರು. "ಗಂಡ ಹಾಕಿದ್ದನ್ನ ಕತ್ತರಿಸಬ್ಯಾಡ್ರಿ, ಭಾವ."

*

ಸಂತೇಬೆನ್ನೂರಿನಲ್ಲಿ ಲಗ್ನಪತ್ರಿಕೆ ಎಂದರೆ ಮುರುಗೇಶಪ್ಪನವರ ಅಂಗಡಿ. ಅಂಗಡಿ ಮುಚ್ಚಿದರೂ ಪತ್ರಿಕೆಗೆ ಅಕ್ಷರ ಜೋಡಿಸುತ್ತಿದ್ದ ಹಳೇ ಕಂಪ್ಯೂಟರನ್ನು ಅವರು ಗುಜರಿಗೆ ಹಾಕಲಿಲ್ಲ. ಪಡಸಾಲೆಯಲ್ಲಿ ಅದು ಬಾಣಂತಿಯ ಹಾಗೆ ಟವೆಲ್ ಹೊದ್ದು ಕೂತಿತ್ತು. ಅದಕ್ಕೆ ಇಂಟರ್ನೆಟ್ ಕೊಡಿಸುವ ಹಟ ಈಚೆಗೆ ಹತ್ತಿತ್ತು.

"ಮೊಬೈಲ್‌ನಾಗೇ ಎಲ್ಲಾ ಬರತೈತಲ್ಲ ಮುರುಗೇಶಣ್ಣ," ಎಂದ ಎದುರಿನ ಮೊಬೈಲ್ ಅಂಗಡಿಯ ಪ್ರವೀಣ್ ಕುಮಾರ್.

"ನನಗೆ ಬರೋದಲ್ಲಪ್ಪ, ಇದಕ್ಕೆ ಬರಬೇಕು. ಇಷ್ಟು ದಿನ ನನ್ನ ಮನೆ ನಡೆಸಿದ್ದು ಇದು."

ಗಾಳಿಯಲ್ಲಿ ಬರುವ ವೈ-ಫೈ ಆ ಮುದಿ ಯಂತ್ರಕ್ಕೆ ಆಗದು, ವೈರೇ ಬೇಕು. ಪ್ರವೀಣನ ಅಂಗಡಿಯಿಂದ ತಮ್ಮ ಸೂರಿನವರೆಗೆ ಅದನ್ನು ಎಳೆಯಲು ಏಣಿ ಹತ್ತಿದವರೂ ಅವರೇ. ಕೆಳಗೆ ಏಣಿ ಹಿಡಿದ ನಿರ್ಮಲಮ್ಮನ ಬೈಗುಳ ಬೀದಿಗೆಲ್ಲ ಕೇಳಿಸಿತ್ತು.

ಹೋದ ಸೋಮವಾರ ಒಂದು ಪುಟ ತೆರೆಯಿತು. ಚಿತ್ರಗಳಿಲ್ಲ, ಅಕ್ಷರಗಳೆಲ್ಲ ಸೊಟ್ಟ.

"ಬಂತು ಕಣೇ!"

ಬೀದಿಗೆಲ್ಲ ಪೇಡ ಹಂಚಿದರು. ಜನ ಪೇಡ ತಿಂದು ನಕ್ಕರು. ನಿರ್ಮಲಮ್ಮನೂ ನಕ್ಕರು. ಗಂಡ ಅಷ್ಟು ಖುಷಿಯಾಗಿದ್ದುದನ್ನು ಅವರು ಕಂಡೇ ಇರಲಿಲ್ಲ. ವಾರ ತುಂಬುವ ಮೊದಲೇ ಎದೆನೋವು ಬಂತು.

*

ಎತ್ತಿದ ವಿಮಾನವನ್ನು ಹಿಂದಕ್ಕೆ ತಿರುಗಿಸುವಂತಿಲ್ಲ, ಅರ್ಧದಾರಿಯಲ್ಲಿ ನೆಲಕ್ಕೆ ಇಡುವಂತಿಲ್ಲ. ಹೊತ್ತವರ ಹೆಗಲು ಸೋಲುತ್ತಿತ್ತು.

"ಕತ್ತರಿಸ್ಲಿ ಬಿಡ್ರಿ ಅಕ್ಕ," ಎಂದ ಪ್ರವೀಣ್. "ಸಂಜೀಕೆ ಹೊಸದು ಎಳೆದು ಕೊಡ್ತೀನಿ."

"ಎಳೀತೀಯಪ್ಪ. ಅದು ನೀನು ಹಾಕಿದ್ದು ಆಗತೈತೆ. ಇದು ಅವರು ಹಾಕಿದ್ದು."

ರೇವಣ್ಣ ತಮ್ಮನ ಹೆಂಡತಿಯ ಮುಖ ನೋಡಿದರು. ಕೈಗೆ ಬಂದಿದ್ದ ಪ್ಲೇರನ್ನು ಜುಬ್ಬದ ಜೇಬಿಗಿಳಿಸಿದರು.

"ಮಂಡಿ ಊರ್ರಪ್ಪ. ವಿಮಾನ ಹೆಗಲ ಮ್ಯಾಲೇ ಇರ್ಲಿ."

ಹೊತ್ತವರು ಒಬ್ಬೊಬ್ಬರಾಗಿ ಮಂಡಿಯೂರಿದರು. ಬಿಳಿ ಪಂಚೆಗಳಿಗೆ ಕೆಸರು ಮೆತ್ತಿತು. "ಊರನ್ನೇ ಮಂಡಿ ಊರಿಸಿಬಿಟ್ಟ ನೋಡ್ರಿ," ಎಂದು ಒಬ್ಬ ಮುದುಕ ಗೊಣಗಿದ. ಅಷ್ಟು ತಗ್ಗಿದರೂ ಕಳಸ ವೈರಿಗೆ ತಾಗುತ್ತಲೇ ಇತ್ತು.

ರೇವಣ್ಣ ಪ್ರವೀಣನ ಸ್ಟೂಲು ತರಿಸಿ ಹತ್ತಿದರು. ಎರಡೂ ಅಂಗೈಯಲ್ಲಿ ವೈರನ್ನು ಮೇಲೆತ್ತಿದರು. ಅದರಡಿ ತಮ್ಮ ಮೆಲ್ಲಗೆ ದಾಟಿಹೋದ.

ಸಮಾಳ ಮತ್ತೆ ಶುರುವಾಯಿತು. ವಿಮಾನ ಬೀದಿಯ ತಿರುವಿನಲ್ಲಿ ಮರೆಯಾಯಿತು. ರೇವಣ್ಣ ಮಾತ್ರ ಸ್ಟೂಲಿನ ಮೇಲೆ ಕೈಯೆತ್ತಿಕೊಂಡೇ ನಿಂತಿದ್ದರು.