೩೯೮ನೇ ಕಪಾಟಿನ ವಂಶಾವಳಿ

ಉಪೊಕೊಯಿನಾ ಅಜ್ಜಿ ತನ್ನ ತಂದೆಯ ಕೈಬರಹದ ವಂಶಾವಳಿಯ ನೋಟುಪುಸ್ತಕವನ್ನು ದಿಂಬಿನ ಗವಸಿನಲ್ಲಿ ಸುತ್ತಿ ಗ್ರಂಥಾಲಯಕ್ಕೆ ತಂದು ನನ್ನ ಕೈಗೊಪ್ಪಿಸಿದಾಗ, ನಾನು ಆಕ್ಲೆಂಡಿನಲ್ಲಿ ಗ್ರಂಥಪಾಲಕನ ಆರು ತಿಂಗಳ ತರಬೇತಿ ಮುಗಿಸಿ ನಮ್ಮ ದ್ವೀಪವಾದ ರಾರೊಟೊಂಗಾಕ್ಕೆ ಆಗಷ್ಟೇ ಮರಳಿದ್ದೆ. ಪುಸ್ತಕಗಳಿಗೆ ಕ್ರಮಾಂಕ ಕೊಡುವುದು ನನಗೆ ಹೊಸದಾಗಿ ಕೈಸೇರಿದ ಅಧಿಕಾರವಾಗಿತ್ತು. ಮೊದಲ ಪುಟ ತೆರೆದೆ. ಮೂಲಪುರುಷನು ಹಾವುಮೀನಿನ ಬೆನ್ನೇರಿ ದಡ ಸೇರಿದನೆಂದಿತ್ತು. ಅಲ್ಲಿಗೇ ಮುಚ್ಚಿ, ಸೂಚಿಯ ಚೀಟಿಯ ಮೂಲೆಯಲ್ಲಿ ೩೯೮ ಎಂದು ಟೈಪಿಸಿದೆ: ಜನಪದ ಕಥೆಗಳು. ಅದೇ ವಾರ, ಕೊಬ್ಬರಿ ವ್ಯಾಪಾರಕ್ಕೆಂದು ಬಂದು ನೆಲೆಸಿದ್ದ ಬಿಳಿಯನೊಬ್ಬನ ಮೊಮ್ಮಗ ತಂದಿತ್ತ ನಾಲ್ಕು ಹಾಳೆಗಳಿಗೆ ೯೨೯ ಕೊಟ್ಟಿದ್ದೆ: ಕುಟುಂಬ ಚರಿತ್ರೆ. ಒಂದು ಕ್ಷಣವೂ ಕೈ ತಡೆದಿರಲಿಲ್ಲ.

ಐದು ವರ್ಷಗಳ ಬಳಿಕ ಅಜ್ಜಿಯ ಕೆಸುವಿನ ಗದ್ದೆಯ ತಕರಾರು ನ್ಯಾಯಾಲಯಕ್ಕೆ ಬಂದಿತು. ನಮ್ಮಲ್ಲಿ ನೆಲವನ್ನು ಮಾರುವಂತಿಲ್ಲ. ಹಿರಿಯರ ಹೆಸರುಗಳ ಸರಪಳಿಯನ್ನು ತೋರಿಸಿದವರದೇ ಹಕ್ಕು. ಅಜ್ಜಿಗೆ ಇದ್ದುದು ಆ ನೋಟುಪುಸ್ತಕವೊಂದೇ. ಎದುರುಪಕ್ಷದ ವಕೀಲ ಪಾಪಾಟುವಾ ನನ್ನ ಚೀಟಿಯನ್ನು ಎತ್ತಿ ಹಿಡಿದ.

“ಸ್ವಾಮಿ, ನಾನು ಹೇಳ್ತಿರೋದಲ್ಲ ಇದು. ಲೈಬ್ರರಿಯವ್ರೇ ಅಡಗೂಲಜ್ಜಿ ಕಥೆ ಅಂತ ಬರ್ದಿದ್ದಾರೆ. ಮಾತಾಡೋ ಆಮೆಗಳ ಪಕ್ಕದಲ್ಲೇ ಇಟ್ಟಿದ್ದಾರೆ!”

ತರಬೇತಿ ಪಡೆದವನು ಪರಿಶೀಲಿಸಿಯೇ ಕಥೆಯೆಂದಿದ್ದರೆ ಅದನ್ನು ಸಾಕ್ಷ್ಯವಾಗಿ ಒಪ್ಪಲಾಗದೆಂದ ನ್ಯಾಯಾಧೀಶರು ನನ್ನನ್ನು ಕರೆಸಿದರು.

“ಈ ನಂಬರು ಹಾಕಿದ್ದು ನೀನೇನಾ?”

“ನಾನೇ, ಸ್ವಾಮಿ.”

“ಪೂರ್ತಿ ಓದಿ ಹಾಕಿದ್ಯಾ?”

ಹೌದೆಂದರೆ ನನ್ನ ಮಾನ ಉಳಿಯುತ್ತಿತ್ತು, ಗದ್ದೆ ಹೋಗುತ್ತಿತ್ತು. ಅಷ್ಟು ಸರಳವಾದ ಪ್ರಶ್ನೆಗೂ ನಾನು ಉತ್ತರವನ್ನು ತೂಗಿ ನೋಡುತ್ತ ನಿಂತೆನಲ್ಲ, ಅದನ್ನು ನೆನೆದರೆ ಇಂದಿಗೂ ಮುಖ ಬಿಸಿಯಾಗುತ್ತದೆ. ಅಜ್ಜಿ ನನ್ನತ್ತ ನೋಡದೆ ಬೀಸಣಿಗೆ ಬೀಸಿಕೊಳ್ಳುತ್ತಿದ್ದಳು.

“ಒಂದೇ ಪುಟ ಓದಿದ್ದೆ.”

“ಪಾಪ, ಅಕ್ಷರ ಜಾಸ್ತಿ ಇದ್ವೇನೋ ಬಿಡಿ!” ಎಂದಿತು ಹಿಂದಿನ ಬೆಂಚು. ಸಭೆಯೆಲ್ಲ ನಕ್ಕಿತು.

ಹಾಗಾದರೆ ಉಳಿದ ಪುಟಗಳನ್ನು ಇಲ್ಲಿಯೇ ಓದಲಿ ಎಂದು ಆಜ್ಞೆಯಾಯಿತು. ಗುಮಾಸ್ತ ಓದತೊಡಗಿದ. ಹಾವುಮೀನು ಮೊದಲ ಪುಟಕ್ಕೇ ಮುಗಿದಿತ್ತು. ಮುಂದಿನದೆಲ್ಲ ಹೆಸರುಗಳು, ಮದುವೆಗಳು, ಯಾವ ದೀವಿಹಲಸಿನ ಮರದಿಂದ ಯಾವ ತೊರೆಯವರೆಗೆ ಯಾರ ನೆಲವೆಂಬ ಗಡಿಗಳು. ಒಂಬತ್ತನೆಯ ತಲೆಮಾರಿನಲ್ಲಿ ಅಜ್ಜಿಯ ಮನೆತನದ ಕಿರಿಯ ಮಗಳನ್ನು ಬೆಟ್ಟದಾಚೆಯ ಊರಿಗೆ ಮದುವೆ ಮಾಡಿಕೊಟ್ಟ ವಿಷಯ ಬಂದಿತು. ಹೆಸರು ತೆರೈಮಾನಾ. ನನ್ನ ತಾಯಿಯ ಅಜ್ಜಿ. ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾಗಿ ನನ್ನತ್ತ ತಿರುಗಿದರು. ನಗುವೇ ವಾಸಿಯಿತ್ತು.

ಗದ್ದೆ ಅಜ್ಜಿಗೇ ಉಳಿಯಿತು. ಹೊರಗಿನ ಮೆಟ್ಟಿಲ ಬಳಿ ನಾನು ಅವಳನ್ನು ತಡೆದೆ.

“ಅಜ್ಜಿ, ತಪ್ಪಾಯ್ತು. ನಂಗೆ ಗೊತ್ತಿರ್ಲಿಲ್ಲ.”

“ಹೆಂಗೆ ಗೊತ್ತಾಗತ್ತೆ? ಐದು ವರ್ಷ ನಿನ್ನ ಬೆನ್ನ ಹಿಂದಿನ ಕಪಾಟಲ್ಲೇ ಇತ್ತಲ್ಲೋ ಮಗಾ.” ಅವಳು ಕಂಬ ಹಿಡಿದು ಒಂದು ಮೆಟ್ಟಿಲಿಳಿದಳು. “ಅವತ್ತು ಬೇರೆ ಯಾರ ಕೈಗೂ ಕೊಡ್ದೆ ನಿನ್ನ ಕೈಗೇ ಯಾಕೆ ಕೊಟ್ಟೆ ಅಂದ್ಕೊಂಡಿದ್ದೀಯ? ಮನೆ ಹುಡುಗ, ಓದ್ತಾನೆ ಅಂತ.”