ಸಸಿಮಡಿಯ ಪಾಠ

ಹೊಟ್ಟೆಕಿಚ್ಚಿಗೆ ನ್ಯಾಯವಾದ ಕಾರಣವೊಂದು ಸಿಕ್ಕಿತೆಂದರೆ ಅದು ದೇವರ ಕೋಣೆಗೂ ಬಂದು ಮಣೆ ಹಾಕಿಕೊಂಡು ಕೂರುತ್ತದೆ. ವಂಡ್ಸೆಯ ಜಲಜಳಿಗೆ ಆ ಮಳೆಗಾಲ ಆದದ್ದು ಹಾಗೆ. ಸಂಜೆ ದೀಪ ಹಚ್ಚಿ ಕಣ್ಣು ಮುಚ್ಚಿದರೆ ಅಮ್ಮನವರ ಮುಖ ಕಾಣುತ್ತಿರಲಿಲ್ಲ, ರಾಜೀವ ಶೆಟ್ಟರ ಮಗಳು ಸುಪ್ರೀತಾಳ ಮುಖ ಕಾಣುತ್ತಿತ್ತು.

ಜಲಜ ಮತ್ತು ಅವಳ ಗಂಡ ಪ್ರೇಮಾನಂದ ಬೇಸಾಯ ಮಾಡುವ ಗದ್ದೆ ಶೆಟ್ಟರದ್ದು. ಶೆಟ್ಟರು ಕುಂದಾಪುರದಲ್ಲಿ ಹೋಟೆಲು ನಡೆಸುತ್ತಾರೆ, ಗದ್ದೆಯ ಕಡೆ ತಲೆ ಹಾಕುವುದು ಹೊಸ ಅಕ್ಕಿ ಒಯ್ಯಲು ಮಾತ್ರ. ಪ್ರೇಮಾನಂದನ ಅಪ್ಪನ ಕಾಲದಿಂದಲೂ ಎಲ್ಲ ಬಾಯಿಮಾತಿನಲ್ಲೇ ನಡೆದಿತ್ತು. ಯಾರಿಗೂ ಅದು ಕೊರತೆಯಾಗಿ ಕಂಡಿರಲಿಲ್ಲ. ಕಂಡದ್ದು ಎರಡೂ ಮನೆಯ ಹೆಣ್ಣುಮಕ್ಕಳು ಒಂದೇ ವರ್ಷ ಪಿಯುಸಿ ಮುಗಿಸಿ, ಇಬ್ಬರೂ ಕೃಷಿ ಪದವಿಯ ಸೀಟಿಗೆ ಆಸೆಪಟ್ಟಾಗ.

ಆ ಸೀಟುಗಳಲ್ಲಿ ಒಂದು ಪಾಲು ರೈತರ ಮಕ್ಕಳಿಗೆಂದೇ ಇದೆ. ರೈತನೆಂದರೆ ಪಹಣಿಯಲ್ಲಿ ಹೆಸರಿದ್ದು, ಬೇರೆ ವ್ಯಾಪಾರದ ಆದಾಯ ಇಲ್ಲದವನು. ಹೋಟೆಲು ಅಣ್ಣನ ಹೆಸರಲ್ಲಿದ್ದುದರಿಂದ ಶೆಟ್ಟರಿಗೆ ರೈತರಾಗಲು ಯಾವ ಅಡ್ಡಿಯೂ ಬರಲಿಲ್ಲ. ಜಲಜಳ ಮಗಳು ನಿಖಿತಾ ಮಾತ್ರ ರೈತನ ಮಗಳಾಗಲಿಲ್ಲ. ಅವಳು ರಾಜ್ಯದ ಮಕ್ಕಳೆಲ್ಲರ ಜೊತೆ ಬರೀ ರ‍್ಯಾಂಕಿನ ಮೇಲೆ ಹೋಗಬೇಕು. ನಾಡಕಚೇರಿಯಿಂದ ಇದನ್ನು ಕೇಳಿಕೊಂಡು ಬಂದ ದಿನ ಪ್ರೇಮಾನಂದ ಎಂದಿನಂತೆ ಊಟ ಮಾಡಿ ಮಲಗಿದ. ಜಲಜಳಿಗೆ ಅನ್ನ ಇಳಿಯಲಿಲ್ಲ.

ಆ ಪಾಲಿನ ಸೀಟಿಗೆ ಒಂದು ಪ್ರಾಯೋಗಿಕ ಪರೀಕ್ಷೆ ಇತ್ತು. ಬೀಜ, ಸಸಿ, ಕಳೆ, ಉಪಕರಣಗಳನ್ನು ಮುಂದಿಡುತ್ತಾರೆ, ಗುರುತಿಸಿ ಹೇಳಬೇಕು. ಸುಪ್ರೀತಾಳ ತಾಯಿ ಸುಂದರಿ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ನೇರ ಜಲಜಳ ಅಂಗಳಕ್ಕೆ ಬಂದಳು.

"ನೀನಲ್ದೆ ಇವ್ಳಿಗೆ ಯಾರ್ ಹೇಳಿ ಕೊಡ್ತ್ರ್ ಜಲಜ? ನಂಗಂತೂ ಉದ್ದ್ ಯಾವ್ದ್, ಹುರ್ಳಿ ಯಾವ್ದ್ ಅಂಬುದ್ ಡಬ್ಬಿ ಕಂಡ್ರೆ ಮಾತ್ರ ಗೊತ್ತಾಪುದ್" ಎಂದು ತಾನೇ ನಕ್ಕಳು.

ಜಲಜಳೂ ನಕ್ಕಳು. ಒಡೆಯರ ಮನೆಯವರು ನಕ್ಕಾಗ ನಗುವ ಅಭ್ಯಾಸ ಅವಳಿಗಿತ್ತು.

ಸುಪ್ರೀತಾ ದಿನಾ ಮಧ್ಯಾಹ್ನದ ಬಸ್ಸಿಗೆ ಬರತೊಡಗಿದಳು. ಸೋಮಾರಿಯೋ ಸೊಕ್ಕಿನವಳೋ ಆಗಿದ್ದರೆ ಜಲಜಳಿಗೆ ಎಷ್ಟೋ ಹಗುರವಾಗುತ್ತಿತ್ತು. ಹುಡುಗಿ ಹಾಗಿರಲಿಲ್ಲ. ಬಂದವಳೇ ಚಪ್ಪಲಿ ಬಿಟ್ಟು ಸೆಗಣಿ ಸಾರಿಸಿದ ನೆಲದ ಮೇಲೆ ಕೂತು ಎಳ್ಳು, ಅಲಸಂಡೆ, ಹುರುಳಿಗಳನ್ನು ಅಂಗೈಯಲ್ಲಿ ಉರುಳಿಸಿ ನೋಡುತ್ತಿದ್ದಳು. ಒಮ್ಮೆ ಹೇಳಿದ್ದನ್ನು ಮರೆಯುತ್ತಿರಲಿಲ್ಲ. ಮಾತುಮಾತಿಗೆ "ಜಲಜಕ್ಕ, ಜಲಜಕ್ಕ" ಎನ್ನುತ್ತಿದ್ದಳು. ನಿಖಿತಾ ಇಡೀ ಬಾಲ್ಯ ಬಗ್ಗಿ ಬೆನ್ನು ನೋಯಿಸಿಕೊಂಡು ಕಲಿತದ್ದನ್ನು ಈ ಹುಡುಗಿ ಕೆಲವೇ ಮಧ್ಯಾಹ್ನಗಳಲ್ಲಿ ಕಲಿತು ತೆಗೆದುಕೊಂಡು ಹೋಗುತ್ತಿದ್ದಾಳೆ ಎನಿಸಿ ಜಲಜಳ ಎದೆ ಕುದಿಯುತ್ತಿತ್ತು. ತನ್ನ ಕೈಯಿಂದಲೇ, ತನ್ನ ಅಂಗಳದಲ್ಲೇ.

ಕೊನೆಗೊಂದು ಮಧ್ಯಾಹ್ನ ಸಸಿಮಡಿಯ ಪಾಠ ಬಂತು. ಎಳೆಯ ಭತ್ತಕ್ಕೂ ಅದರ ನಡುವೆ ಹುಟ್ಟುವ ಕಳೆಹುಲ್ಲಿಗೂ ಮೇಲ್ನೋಟಕ್ಕೆ ವ್ಯತ್ಯಾಸ ಕಾಣದು. ಎಲೆ ಕಾಂಡಕ್ಕೆ ಕೂಡುವಲ್ಲಿ ಭತ್ತಕ್ಕೆ ಸಣ್ಣ ನಾಲಗೆಯಂಥ ಪೊರೆ ಇರುತ್ತದೆ, ಪಕ್ಕದಲ್ಲಿ ನಾಲ್ಕು ರೋಮ. ಕಳೆಗೆ ಆ ಜಾಗ ಬೋಳು. ಜಲಜ ಎರಡನ್ನೂ ಒಂದೊಂದು ಕಿತ್ತು ತಂದು ಹುಡುಗಿಯ ಕೈಗಿಟ್ಟಳು. ಬಾಯಿ ತೆರೆದಳು. ಆಮೇಲೆ, ಯಾರೋ ತನ್ನ ಗಂಟಲಲ್ಲಿ ಕೂತು ಮಾತಾಡಿದಂತೆ, ಬೋಳು ಗೆಣ್ಣಿನದ್ದನ್ನು ತೋರಿಸಿ, "ಇದ್ ಭತ್ತ" ಎಂದಳು. "ರೋಮ ಇಪ್ಪುದ್ ಕಳೆ. ಅದನ್ನ್ ಕೀಳುದ್."

ಜಗಲಿಯಲ್ಲಿ ಓದುತ್ತಿದ್ದ ನಿಖಿತಾ ತಲೆಯೆತ್ತಿ ಅಮ್ಮನನ್ನು ನೋಡಿದಳು. ಮತ್ತೆ ಪುಸ್ತಕಕ್ಕೆ ಬಗ್ಗಿದಳು.

ಮರುದಿನ ಜಲಜ ವಂಡ್ಸೆ ಪೇಟೆಯಿಂದ ಬರುವಾಗ ಸುಪ್ರೀತಾ ಆಗಲೇ ಗದ್ದೆಗಿಳಿದಿದ್ದಳು. ಪರೀಕ್ಷೆಗೆ ಇನ್ನೊಂದೇ ದಿನವಿತ್ತು. ಕಲಿಸಿದವಳಿಗೆ ಏನಾದರೂ ಮಾಡಿಕೊಡಬೇಕೆಂದು ಅವಳ ಮನಸ್ಸಿಗೆ ಬಂದಿತ್ತಂತೆ. ಮೊಣಕಾಲವರೆಗೆ ಕೆಸರು, ಮುಖವೆಲ್ಲ ನಗು. ಸಸಿಮಡಿ ಅರ್ಧದಷ್ಟು ಬೋಳಾಗಿತ್ತು. ಅಲ್ಲಲ್ಲಿ ಒಂದೊಂದು ಎಳೆ ಕಳೆಹುಲ್ಲು ಮಾತ್ರ ಗಾಳಿಗೆ ತಲೆಯಾಡಿಸುತ್ತಿತ್ತು. ಬದುವಿನ ಮೇಲೆ ಹಸಿರು ಭತ್ತದ ರಾಶಿ ಬಾಡುತ್ತಾ ಬಿದ್ದಿತ್ತು.

"ಎಷ್ಟ್ ಕಳೆ ಮಾರಾಯ್ರೆ. ಇಷ್ಟ್ ದಿನ ಹ್ಯಾಂಗ್ ಬಿಟ್ಟ್ರಿ ಜಲಜಕ್ಕ?"

ಹುಡುಗಿ ತನ್ನ ಕಣ್ಣಿಗಿಂತ ಕಲಿಸಿದವಳ ಮಾತನ್ನು ಹೆಚ್ಚು ನಂಬಿದ್ದಳು.

ಪ್ರೇಮಾನಂದ ಓಡಿ ಬಂದು ತಲೆಯ ಮೇಲೆ ಕೈ ಹೊತ್ತ. ಬೈಯಲು ಆಗದ ಮನೆಯ ಮಗಳು, ಹಾಗಾಗಿ ತನ್ನಷ್ಟಕ್ಕೆ ಗೊಣಗಿಕೊಂಡ. ಪೇಟೆ ಮಕ್ಕಳನ್ನು ಗದ್ದೆಗೆ ಬಿಟ್ಟರೆ ಇನ್ನೇನಾಗುತ್ತದೆ ಎಂದ. ಸುಪ್ರೀತಾಳ ನಗು ಕರಗಿತು. ತಾನೇ ಸರಿಯಾಗಿ ಕೇಳಿಸಿಕೊಂಡಿಲ್ಲವೇನೋ, ತಪ್ಪಾಯಿತು ಎಂದು ಅಳತೊಡಗಿದಳು. ನಿಖಿತಾ ಬದುವಿನ ಮೇಲೆ ನಿಂತು ತಾಯಿಯನ್ನೇ ನೋಡುತ್ತಿದ್ದಳು.

ಜಲಜ ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಹುಡುಗಿ ತಪ್ಪು ತನ್ನದೆಂದುಕೊಂಡು ಹೋಗುತ್ತಿದ್ದಳು. ಆದರೆ ಮಗಳ ಕಣ್ಣಿನಲ್ಲಿ ಆಶ್ಚರ್ಯವಿರಲಿಲ್ಲ. ಅವಳಿಗೆ ನಿನ್ನೆಯೇ ಗೊತ್ತಿತ್ತು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದಳು. ಸುಪ್ರೀತಾಳಿಗೆ ಕಲಿಸಿದ ಸುಳ್ಳನ್ನು ತನ್ನ ಮಗಳೂ ಕಲಿತಿದ್ದಾಳೆ ಎಂದು ಜಲಜಳಿಗೆ ಅರ್ಥವಾಯಿತು.

"ಅವ್ಳದ್ದ್ ತಪ್ಪಲ್ಲ" ಎಂದಳು. "ನಾನೇ ಉಲ್ಟಾ ಹೇಳಿ ಕೊಟ್ಟದ್ದ್. ಬೇಕಂತ್ಲೇ."

ಸುಪ್ರೀತಾ ಕೆಸರಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಏಕೆ ಎಂದು ಅವಳು ಕೇಳಲಿಲ್ಲ. ಬಹುಶಃ ಗೊತ್ತಿತ್ತು.

"ಬೇರೆ ಎಂತೆಲ್ಲ ತಪ್ಪ್ ಹೇಳಿ ಕೊಟ್ಟಿರಿ?"

"ಎಂತದೂ ಇಲ್ಲ. ಇದೊಂದೇ."

ಹುಡುಗಿ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ ನಿಖಿತಾಳ ಕಡೆ ತಿರುಗಿದಳು. "ಹೌದನೆ?" ಎಂದು ಅವಳನ್ನು ಕೇಳಿದಳು.

ಆ ಸಂಜೆ ಇಬ್ಬರು ಹುಡುಗಿಯರೂ ಜಗಲಿಯಲ್ಲಿ ಎದುರುಬದುರು ಕೂತು ಪ್ರತಿ ಬೀಜವನ್ನೂ ಮೊದಲಿನಿಂದ ನೋಡಿದರು. ಜಲಜಳನ್ನು ಯಾರೂ ಕರೆಯಲಿಲ್ಲ. ಒಳಗೆ ಒಲೆಯ ಮುಂದೆ ಕೂತವಳಿಗೆ ಮಗಳ ನಿಧಾನವಾದ ದನಿ ಕೇಳುತ್ತಿತ್ತು. ತನಗೆ ಸಿಗದ ಸೀಟಿಗಾಗಿ ಅವಳು ಮತ್ತೊಬ್ಬಳನ್ನು ಅಣಿಮಾಡುತ್ತಿದ್ದಳು. ಇದು ಪುಣ್ಯವೋ ಪೆದ್ದುತನವೋ ಜಲಜಳಿಗೆ ತಿಳಿಯಲಿಲ್ಲ.

ಪರೀಕ್ಷೆ ಬ್ರಹ್ಮಾವರದಲ್ಲಿ ಆಯಿತು. ಇತ್ತ ಬೈಂದೂರಿನ ನಾದಿನಿಯ ಮನೆಯಿಂದ ಮಿಕ್ಕ ಸಸಿ ತರಿಸಿ ನಾಟಿ ಮುಗಿಸಿದರು. ಸೀಟು ಹಂಚಿಕೆಯ ದಿನವೂ ಬಂತು. ಸುಪ್ರೀತಾಳಿಗೆ ರೈತರ ಪಾಲಿನಲ್ಲಿ ಸೀಟು ಸಿಕ್ಕಿತು. ಅವಳಿಗಿಂತ ಒಳ್ಳೆಯ ರ‍್ಯಾಂಕು ಬಂದಿದ್ದ ನಿಖಿತಾಳಿಗೆ ಸಿಗಲಿಲ್ಲ. ಅವಳು ಕುಂದಾಪುರದ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿದಳು, ಬಸ್ ಪಾಸ್ ಮಾಡಿಸಿಕೊಂಡಳು.

ಸುಂದರಿ ಹೋಟೆಲಿನ ಹಲ್ವಾದ ಡಬ್ಬಿ ಹಿಡಿದು ಬಂದಳು. ಎಲ್ಲ ಜಲಜಳಿಂದಲೇ ಆದದ್ದು, ಇಂಥ ಗುರು ಸಿಗುವುದಕ್ಕೂ ಪುಣ್ಯ ಬೇಕು ಎಂದು ಹೊಗಳುತ್ತಾ ಹೋದಳು. ಹಿಂದೆ ನಿಂತ ಸುಪ್ರೀತಾ ನೆಲ ನೋಡುತ್ತಿದ್ದಳು. ಸಸಿಮಡಿಯ ಸುಳ್ಳಿನ ಬಗ್ಗೆ ಅವಳು ಮನೆಯಲ್ಲಿ ಒಂದು ಮಾತೂ ಹೇಳಿರಲಿಲ್ಲ. ಹೇಳಿದ್ದರೆ ಜಲಜಳ ಕೈಯಿಂದ ಗದ್ದೆ ಹೋಗುತ್ತಿತ್ತು ಎಂದು ಆ ಹುಡುಗಿಗೂ ತಿಳಿದಿತ್ತು.

ಜಲಜಳ ಎದೆ ತುಂಬಿ ಬರಬೇಕಿತ್ತು. ಬರಲಿಲ್ಲ. ಹಳೆಯ ಉರಿಯೇ ಮತ್ತೆ ಮೇಲೆದ್ದಿತು. ಗದ್ದೆ ಅವಳದ್ದು, ಸೀಟು ಅವಳದ್ದು, ಈಗ ದೊಡ್ಡ ಮನಸ್ಸೂ ಅವಳದ್ದೇ ಆಯಿತು. ಈ ಮನೆಯ ಪಾಲಿಗೆ ಏನೂ ಉಳಿಯುವುದು ಬೇಡವೇ? ನಿಜ ಹೇಳುವುದಾದರೂ ತನ್ನದಾಗಲಿ.

ದೇವರು ಕೆಲವೊಮ್ಮೆ ಒಳ್ಳೆಯತನದ ಬಾಗಿಲಿಂದ ಬರುವುದಿಲ್ಲ, ಸಿಕ್ಕಿದ ಬಾಗಿಲಿಂದ ಬರುತ್ತಾನೆ. ಜಲಜ ಡಬ್ಬಿಯನ್ನು ತೆಗೆದುಕೊಳ್ಳದೆ ಗೋಡೆಗೊರಗಿಸಿದ್ದ ಚಾಪೆ ಬಿಡಿಸಿದಳು. ಬೇಡವೆಂದು ತಲೆಯಾಡಿಸುತ್ತಿದ್ದ ಸುಪ್ರೀತಾಳ ಕಡೆ ನೋಡಲಿಲ್ಲ.

"ಸುಂದರಕ್ಕ, ಕೂಕಣಿ" ಎಂದಳು. "ನಿಮ್ಗೊಂದ್ ವಿಷಯ ಹೇಳುದಿತ್ತ್."