ಜನವರಿ ಏಳರ ಕಾರ್ಡು

ಒಲೆಯ ಬೂದಿ ತೆಗೆಯುವಾಗ ಮಾರ್ನಿ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಚೂರು ಗಾಳಿ ಆಡಿದರೂ ಸಾಕು, ಬೂದಿ ಅಡುಗೆಮನೆಯೆಲ್ಲ ಹಾರಾಡಿ, ಆಮೇಲೆ ಬೆಣ್ಣೆಯ ಡಬ್ಬಿಯನ್ನೂ ಬಿಡದೆ ಒರೆಸಬೇಕಾಗುತ್ತದೆ. ಆ ಶನಿವಾರ ಬೆಳಿಗ್ಗೆ ಮಂಡಿಯೂರಿ ಕೂತು, ಉಸಿರು ಬಿಗಿಹಿಡಿದು, ಎರಡನೇ ಸಲಿಕೆ ಬೂದಿಯನ್ನು ತಗಡಿನ ಬಕೀಟಿಗೆ ಇಳಿಸುತ್ತಿದ್ದಾಗ ಬಾಗಿಲು ದಢಾರನೆ ತೆರೆದುಕೊಂಡಿತು.

"ಅಮ್ಮಾ, ಟಪಾಲು! ಸರ್ಕಾರದ್ದು!"

"ಬಾಗಿಲು ಹಾಕೇ ಮಹರಾಯ್ತಿ!"

ಜೋಸಿ ಹಿಮ್ಮಡಿಯಿಂದ ಬಾಗಿಲನ್ನು ಒದ್ದಳು. ಒಂಬತ್ತು ವರ್ಷದ ಹುಡುಗಿ; ಅಪ್ಪನ ಹಳೇ ಟೋಪಿ, ಬೂಟಿನ ತುಂಬ ಹಿಮ. ಆದರೆ ತಡವಾಗಿಹೋಗಿತ್ತು. ಬೂದಿ ಮೆಲ್ಲಗೆ ಎದ್ದು, ಕಿಟಕಿಯ ಬಿಸಿಲಲ್ಲಿ ಒಂದು ಸುತ್ತು ಹಾಕಿ, ಮಾರ್ನಿಯ ಕೂದಲ ಮೇಲೆ ಬಂದು ಕೂತಿತು.

"ನನ್ನ ಕೈ ನೋಡು ಹೇಗಿದೆ. ನೀನೇ ಒಡೆದು ಓದು."

ಜೋಸಿಗೆ ಅದೇ ಬೇಕಾಗಿತ್ತು. ಲಕೋಟೆ ಹರಿದು, ತರಗತಿಯಲ್ಲಿ ನಿಂತಂತೆ ನಿಂತು ಓದಿದಳು. "'ನೀವು ತಿಳಿಸಿದ ಕುಟುಂಬದ ಅಂದಾಜು ಆದಾಯದ ಪ್ರಕಾರ, ಆರೋಗ್ಯ ವಿಮೆಯ ತಿಂಗಳ ಕಂತಿಗೆ ಸಹಾಯಧನ ಪಡೆಯಲು ನೀವು ಅರ್ಹರಲ್ಲ.' ಅರ್ಹರಲ್ಲ ಅಂದ್ರೆ ಏನಮ್ಮ?"

"ಸಿಗಲ್ಲ ಅಂತ."

"ಕೆಳಗೆ ನನ್ನ ಹೆಸ್ರೂ ಇದೆ! 'ಜೋಸಿ, ಮಕ್ಕಳ ವಿಮೆಗೆ ಅರ್ಹಳಲ್ಲ.' ನಾನೇನ್ ಮಾಡ್ದೆ?"

"ನೀನೇನೂ ಮಾಡ್ಲಿಲ್ಲ ಕಂದ. ಇನ್ನೊಂದ್ಸಲ ಓದು, ನಿಧಾನಕ್ಕೆ."

ಇನ್ನೊಂದು ಸಲ ಓದಿದರೂ ಪತ್ರ ಅದನ್ನೇ ಹೇಳಿತು. ಮೂವರಿಗೂ ಸೇರಿ ಎಲ್ಲಕ್ಕಿಂತ ಅಗ್ಗದ ವಿಮೆಗೆ ತಿಂಗಳಿಗೆ ಸಾವಿರದ ನಾನ್ನೂರ ಹದಿನೆಂಟು ಡಾಲರ್. ಮಾರ್ನಿ ಸಲಿಕೆ ಹಿಡಿದುಕೊಂಡೇ ಕೂತಳು. ಅವಳ ಇನ್ನೊಂದು ಕೈ ಅವಳಿಗೆ ತಿಳಿಯದೆಯೇ ಕುತ್ತಿಗೆಯ ಶಾಲಿನ ಕೆಳಗೆ ಹೋಗಿ, ಬೂದಿಯ ಗುರುತು ಮಾಡಿ, ಹಿಂದಕ್ಕೆ ಬಂತು. ಜೋಸಿ ಅದನ್ನು ನೋಡಿದಳು. ನೋಡಿ, ಪತ್ರದ ಕಡೆ ತಿರುಗಿದಳು.

ಆ ಶಾಲಿನ ಕೆಳಗಿದ್ದದ್ದು ಒಂದು ಗಂಟು. ಅಕ್ಟೋಬರ್ ಕೊನೆಯಲ್ಲಿ ಊರಿನ ವೃದ್ಧಾಶ್ರಮ ಮುಚ್ಚಿತು. ಅಲ್ಲಿನ ಅಡುಗೆಮನೆಯಲ್ಲಿ ಮಾರ್ನಿಗಿದ್ದ ಕೆಲಸ ಹೋಯಿತು, ಕೆಲಸದ ಜೊತೆಗೆ ಮನೆಮಂದಿಯ ವಿಮೆಯೂ ಹೋಯಿತು. ಹೋಗುವ ಮುಂಚಿನ ವಾರ, ಹೇಗೂ ವಿಮೆಯ ಕಾರ್ಡು ಇದೆಯಲ್ಲ ಎಂದು ಅವಳು ವೈದ್ಯರ ಬಳಿ ಹೋಗಿದ್ದಳು. ಆ ಡಾಕ್ಟರಮ್ಮ ಎರಡು ಬೆರಳಲ್ಲಿ ಕುತ್ತಿಗೆ ಒತ್ತಿ, ಇನ್ನೊಮ್ಮೆ ಒತ್ತಿ, "ಇದಕ್ಕೆ ಸೂಜಿ ಹಾಕಿ ನೋಡಬೇಕು, ಜನವರಿ ದಾಟಿಸಬೇಡಿ" ಎಂದಿದ್ದರು. ಬ್ಯಾಂಗರ್ ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಆ ಪರೀಕ್ಷೆಗೆ ಜನವರಿ ಏಳಕ್ಕೆ ದಿನ ಸಿಕ್ಕಿತ್ತು. ಬರುವಾಗ ಹೊಸ ಕಾರ್ಡು ತನ್ನಿ ಎಂದು ಫೋನಿನ ಹುಡುಗಿ ಎರಡು ಸಲ ಹೇಳಿದ್ದಳು. ಜನವರಿ ಒಂದರಿಂದ ಕಾರ್ಡು ನಡೆಯಬೇಕಾದರೆ ಜನ ತಾವೇ ವಿಮೆ ಕೊಳ್ಳುವ ಸರ್ಕಾರಿ ವೆಬ್‌ಸೈಟಾದ ರಾಜ್ಯದ ವಿಮಾ ಮಾರುಕಟ್ಟೆಯಲ್ಲಿ ಡಿಸೆಂಬರ್ ಹದಿನೈದರೊಳಗೆ ವಿಮೆ ಆರಿಸಬೇಕು. ಹದಿನೈದೆಂದರೆ ನಾಡಿದ್ದು ಸೋಮವಾರ. ಜೋಸಿಗೆ ಮಾತ್ರ, "ಶೀತದ ಗಂಟು, ತಾನಾಗೇ ಇಳಿಯುತ್ತೆ" ಎಂದು ಹೇಳಿಯಾಗಿತ್ತು.

ಶೆಡ್ಡಿನಿಂದ ಗಂಡ ವೇಡ್ ಬಂದ. ಗಡ್ಡದ ತುದಿ ಹೆಪ್ಪುಗಟ್ಟಿತ್ತು. ಚಿಕ್ಕಪ್ಪನ ಮಗನ ದೋಣಿಯಲ್ಲಿ ದೊಡ್ಡ ಸಿಗಡಿಯಂಥ ಲಾಬ್‌ಸ್ಟರ್ ಹಿಡಿಯುವ ಪಂಜರಗಳನ್ನು ಕಡಲಿನಿಂದ ಎಳೆಯುವುದು ಅವನ ಕೆಲಸ. ಚಳಿಗಾಲಕ್ಕೆ ಪಂಜರಗಳನ್ನೆಲ್ಲ ದಡಕ್ಕೆ ತರುವ ದಿನಗಳು ಅವು. ಪತ್ರವನ್ನು ಅವನು ದೂರ ಹಿಡಿದು ಓದಿದ.

"ಸಹಾಯ ಬೇಡದಷ್ಟು ಸಾಹುಕಾರರು ನಾವು! ಮೊದಲೇ ಗೊತ್ತಿದ್ರೆ ಗಾಡಿಗೆ ಹೊಸ ಟೈರು ಹಾಕಿಸ್ತಿದ್ದೆ."

"ತಮಾಷೆ ಬೇಡ ವೇಡ್. ನಾನು ಎಲ್ಲ ಸರಿಯಾಗೇ ತುಂಬಿದ್ದೆ. ನಿಂದು ಎಷ್ಟು, ನಂದು ಎಷ್ಟು, ಎಲ್ಲ."

"ಮಾರುಕಟ್ಟೆ ಅಂತೆ. ಮಾರುಕಟ್ಟೇಲಿ ಮೀನು ಮೂಸಿ ನೋಡ್ಬಹುದು, ಬೇಡ ಅಂತ ಮುಂದಕ್ಕೆ ಹೋಗ್ಬಹುದು. ಇಲ್ಲಿ ಬೆಲೆ ಕೇಳೋಕೇ ನಮ್ಮ ಜಾತಕ ಎಲ್ಲ ಬಿಚ್ಚಿಡ್ಬೇಕು." ಅವನು ಕೈಗವಸು ತೆಗೆದು ಒಲೆಗೆ ಕೈ ಚಾಚಿ, ಒಲೆ ಆರಿರುವುದು ನೆನಪಾಗಿ ಹಿಂದಕ್ಕೆಳೆದುಕೊಂಡ. ಆಮೇಲೆ ದನಿ ತಗ್ಗಿಸಿದ. "ನನ್ನ ಹೆಸರು ತೆಗೆದುಹಾಕು. ನಂಗೇನಾಗಿದೆ, ಗೂಳಿ ಇದ್ದಂಗಿದೀನಿ. ನಿನಗೆ ಏಳನೇ ತಾರೀಕಿಗೆ ಬೇಕೇ ಬೇಕು."

"ಕಳೆದ ಮೇ ತಿಂಗಳಲ್ಲಿ ಪಕ್ಕದ ದೋಣಿಯ ಹಗ್ಗದ ರಾಟೆಗೆ ಎರಡು ಬೆರಳು ಕೊಟ್ಟು ಬಂದವನೂ ಗೂಳಿ ಇದ್ದಂಗೇ ಇದ್ದ."

"ಅವನಿಗೆ ಬುದ್ಧಿ ಇರ್ಲಿಲ್ಲ."

"ನಿನಗೆ ತುಂಬ ಇದೆ!"

ಹೊರಗೆ ದೋಣಿಯವನ ಹಾರ್ನ್ ಕೇಳಿಸಿತು. "ಲೈಬ್ರರಿಗೆ ಹೋಗು, ರೊವೀನಾನ್ನ ಕೇಳು. ಇವತ್ತು ಕೂತಿರ್ತಾಳೆ," ಎಂದು ವೇಡ್ ಒಂದು ತಣ್ಣನೆಯ ಬನ್ನನ್ನು ಬಾಯಿಗೆ ತುರುಕಿಕೊಂಡು ಹೊರಟ.

ರೊವೀನಾ ಮೂವತ್ತು ವರ್ಷ ಊರಿನ ಶಾಲೆಯಲ್ಲಿ ಊಟ ಬಡಿಸಿದವಳು. ಮಾರ್ನಿಗೂ ಬಡಿಸಿದ್ದಳು, ವೇಡ್‌ಗೂ ಬಡಿಸಿದ್ದಳು. ನಿವೃತ್ತಿಯಾದ ಮೇಲೆ ಸರ್ಕಾರದ ತರಬೇತಿ ಪಡೆದು, ಚಳಿಗಾಲದ ಶನಿವಾರಗಳಂದು ಲೈಬ್ರರಿಯ ಮೂಲೆಯಲ್ಲಿ ಕೂತು, ಜನರಿಗೆ ವಿಮೆಯ ಅರ್ಜಿ ತುಂಬಿಕೊಡುತ್ತಿದ್ದಳು.

"ಬಾ ಮಗಳೇ, ಕೂತ್ಕೋ. ತಲೆ ಮೇಲೆ ಬೂದಿ ಸುರ್ಕೊಂಡೇ ಬಂದಿದೀಯಲ್ಲ. ಈ ಅರ್ಜಿ ತುಂಬಿದ ಮೇಲೆ ಸುರ್ಕೊಳ್ಳೋರು ಬೇಕಾದಷ್ಟು ಜನ, ತುಂಬೋ ಮುಂಚೇನೇ ಸುರ್ಕೊಂಡವಳು ನೀನೊಬ್ಬಳೇ."

"ತುಂಬಿ ಆಯ್ತು ರೊವೀನಾ, ಅದಕ್ಕೇ ಬಂದಿದ್ದು. ನೀವೇ ನೋಡಿ." ಮಾರ್ನಿ ಪತ್ರ ಕೊಟ್ಟಳು. ಜೋಸಿ ಬಣ್ಣದ ಪೆನ್ಸಿಲ್ ಡಬ್ಬಿ ಹಿಡಿದು ಅಮ್ಮನ ಪಕ್ಕದ ಕುರ್ಚಿಯಲ್ಲಿ ಕೂತಳು.

ಕಂಪ್ಯೂಟರಿನ ಪರದೆಯಲ್ಲಿ ಅರ್ಜಿ ತೆರೆದುಕೊಂಡಿತು. ಮನೆಯಲ್ಲಿ ಒಬ್ಬಳೇ ತುಂಬುವಾಗ ಹೇಗಾಗಿತ್ತೋ ಈಗಲೂ ಮಾರ್ನಿಗೆ ಹಾಗೇ ಆಯಿತು. ಕಂಚು, ಬೆಳ್ಳಿ, ಚಿನ್ನ ಎಂಬ ವಿಮೆಯ ದರ್ಜೆಗಳು. ಮುಂಗಡ ಕಡಿತ, ವರ್ಷದ ಗರಿಷ್ಠ ಮಿತಿ, ಜಾಲದೊಳಗಿನ ವೈದ್ಯರು. ಒಂದೊಂದು ಪದವೂ ಅವಳಿಗೆ ಗೊತ್ತಿದ್ದದ್ದೇ. ಸಾಲಾಗಿ ನಿಂತಾಗ ಮಾತ್ರ ಯಾವುದರ ಗುರುತೂ ಸಿಗುತ್ತಿರಲಿಲ್ಲ, ನಂಟರ ಮದುವೆಯಲ್ಲಿ ಎಲ್ಲರೂ ಒಂದೇ ಥರ ಬಟ್ಟೆ ಹಾಕಿಕೊಂಡು ನಿಂತಂತೆ.

"ಕಂಚೇ ಅಗ್ಗ ಅಲ್ವಾ? ಕಂಚೇ ಸಾಕು."

"ಕಂಚು ಅಂದ್ರೆ ಏನು ಗೊತ್ತಾ? ಶನಿವಾರ ರಾತ್ರಿ ಚರ್ಚಲ್ಲಿ ಬೀನ್ಸ್ ಊಟ ಇಡ್ತೀವಲ್ಲ, ಬಾಗಿಲಲ್ಲಿ ಟಿಕೆಟ್ ಒಂದೇ ಡಾಲರ್, ಒಳಗೆ ಹೋದ್ರೆ ತಟ್ಟೆಗೆ ಬೇರೆ, ಚಮಚಕ್ಕೆ ಬೇರೆ, ಬೀನ್ಸಿಗೆ ಬೇರೆ ದುಡ್ಡು ಅಂದಂಗೆ. ಎಂಟು ಸಾವಿರ ನಿನ್ನ ಕೈಯಿಂದ ಹೋದ ಮೇಲೆ ಬಡಿಸೋಕೆ ಶುರು ಮಾಡ್ತಾರೆ. ಊಟಾನೇ ಮಾಡ್ದೆ ಇರೋರಿಗೆ ಕಂಚು ಅಗ್ಗ. ನೀನು ಊಟ ಮಾಡೋಳು." ರೊವೀನಾಳ ಕಣ್ಣು ಶಾಲಿನ ಮೇಲೆ ಒಂದು ಕ್ಷಣ ನಿಂತಿತು. ಅವಳಿಗೆ ವಿಷಯ ಗೊತ್ತಿತ್ತು. ಮಗು ಪಕ್ಕದಲ್ಲಿದ್ದುದರಿಂದ ಊಟದ ಮಾತಿಗೇ ನಿಲ್ಲಿಸಿದಳು.

ಆಮೇಲೆ ಅವಳು ಮಾರ್ನಿ ತುಂಬಿದ್ದನ್ನೆಲ್ಲ ಮೊದಲಿಂದ ಬೆರಳಿಟ್ಟು ಓದುತ್ತ ಬಂದಳು. ನಡುವೆ ಬೆರಳು ನಿಂತಿತು.

"ಹಾರ ಕಟ್ಟೋ ಕೆಲಸ. ಸಾವಿರದ ನೂರು. ಎಷ್ಟು ದಿನಕ್ಕೊಮ್ಮೆ ಸಂಬಳ ಅಂತ ಕೇಳಿದ್ದಕ್ಕೆ ನೀನೇನು ಒತ್ತಿದೀಯ?"

"ವಾರಕ್ಕೊಮ್ಮೆ."

"ಯಾಕೆ?"

"ವಾರಕ್ಕೊಮ್ಮೆ ಕೊಡ್ತಾರಲ್ಲ ರೊವೀನಾ. ಶುಕ್ರವಾರ ಶುಕ್ರವಾರ. ಸುಳ್ಳು ಹೇಳ್ಲಾ?"

ರೊವೀನಾ ಕನ್ನಡಕ ತೆಗೆದು, ಮೇಜಿನ ಮೇಲಿಟ್ಟು, ಹೊಟ್ಟೆ ಕುಲುಕಿಸಿ ನಕ್ಕಳು. ಮಾರ್ನಿಗೆ ಅರ್ಥವಾಗಲಿಲ್ಲ. ಮೊದಲ ಮಂಜು ಬಿದ್ದ ಮೇಲೆ ಕಾಡಿಂದ ಸದಾ ಹಸಿರಾಗಿರುವ ಫರ್ ಮರದ ಕುಡಿ ಮುರಿದು ತಂದು, ಶೆಡ್ಡಿನಲ್ಲಿ ನಿಂತು, ಬಾಗಿಲಿಗೆ ತೂಗುವ ಕ್ರಿಸ್‌ಮಸ್ ಹಾರ ಕಟ್ಟುವುದು ಆ ಕಡಲತೀರದಲ್ಲಿ ಅರ್ಧ ಊರಿನ ಕೆಲಸ. ಒಂದೊಂದು ಹಾರಕ್ಕೂ ಇಷ್ಟು ಅಂತ. ಶುಕ್ರವಾರ ಕೈಗೆ ಬರುತ್ತದೆ. ಬೆರಳಿಗೆ ಅಂಟಿದ ರಾಳ ಬೆಣ್ಣೆ ಹಚ್ಚಿದರೂ ಹೋಗುವುದಿಲ್ಲ. ಆರು ವಾರ. ಆಮೇಲೆ ಮುಂದಿನ ನವೆಂಬರ್‌ವರೆಗೆ ಅದರ ಮಾತೇ ಇಲ್ಲ.

"ಈ ಯಂತ್ರಕ್ಕೆ ಅದೆಲ್ಲ ಗೊತ್ತಾ? ವಾರಕ್ಕೊಮ್ಮೆ ಅಂದ್ಯಾ, ಐವತ್ತೆರಡು ವಾರಕ್ಕೂ ಗುಣಿಸಿಬಿಟ್ಟಿದೆ. ನೀನು ಜುಲೈ ತಿಂಗಳ ಬಿಸಿಲಲ್ಲಿ ನಿಂತು ಹಾರ ಕಟ್ತೀಯ ಅಂದ್ಕೊಂಡಿದೆ. ವರ್ಷವಿಡೀ ಕ್ರಿಸ್‌ಮಸ್!"

"ಅಯ್ಯೋ ದೇವರೇ. ನಾನೊಬ್ಬಳೇ ಇಂಥಾ ದಡ್ಡಿ..."

"ಬಿಡೇ, ಈ ತಿಂಗಳಲ್ಲಿ ನೀನು ಐದನೆಯವಳು. ಪಾದ್ರಿಯ ತಂಗಿಯೂ ಹಂಗೇ ಮಾಡಿದ್ಲು. ಅಳ್ತಾ ಬಂದ್ಲು."

ವಾರಕ್ಕೊಮ್ಮೆಯನ್ನು ಅಳಿಸಿ, ವರ್ಷಕ್ಕೆ ಆರು ಸಾವಿರದ ಆರುನೂರು ಎಂದು ಬರೆದದ್ದೇ ತಡ, ಮುಂದಿನ ಪುಟದಲ್ಲಿ ಎಲ್ಲವೂ ಬದಲಾಗಿ ನಿಂತಿತು. ಜೋಸಿ ಪರದೆಗೆ ಮೂಗು ತಾಗಿಸಿ ಓದಿದಳು. "'ಜೋಸಿ, ಮಕ್ಕಳ ವಿಮೆಗೆ ಅರ್ಹಳು.' ಅಮ್ಮ, ಈಗ ನಾನು ಅರ್ಹಳು!"

"ನೀನು ಯಾವಾಗ್ಲೂ ಅರ್ಹಳೇ ಕಣೇ," ಎಂದಳು ರೊವೀನಾ. "ಇನ್ನು ನಿಮ್ಮಪ್ಪ ಅಮ್ಮಂದು. ನೋಡು ಮಾರ್ನಿ, ಈ ಬೆಳ್ಳಿ. ಬ್ಯಾಂಗರಿನ ಆಸ್ಪತ್ರೆ ಇದರೊಳಗೆ ಬರುತ್ತೆ, ನಾನು ನೋಡಿದೀನಿ. ಸಹಾಯಧನ ಕಳೆದು ಇಬ್ಬರಿಗೂ ಸೇರಿ ಮುನ್ನೂರ ನಲವತ್ತೊಂದು. ಸಹಾಯ ಅನ್ನೋದು ತಲೆ ಲೆಕ್ಕ ಅಲ್ಲ, ಮನೆ ಲೆಕ್ಕ. ಅದನ್ನ ನೆನಪಿಟ್ಕೋ."

ಮಾರ್ನಿ ತಲೆಯಾಡಿಸಿದಳು. ನೆನಪಿಟ್ಟುಕೊಳ್ಳಲು ಆಗಲೇ ಹತ್ತು ಸಂಗತಿಗಳಿದ್ದವು. ಹನ್ನೊಂದನೆಯದು ಕಿವಿಯವರೆಗೆ ಬಂದು ಅಲ್ಲೇ ನಿಂತಿತು. ಅಷ್ಟರಲ್ಲಿ ಮುದುಕರೊಬ್ಬರು ಪ್ರಿಂಟರ್ ಕಾಗದ ನುಂಗಿತೆಂದು ಕೂಗಿದರು. "ಬಂದೆ ಮಾರಾಯ, ಅದನ್ನ ಎಳೀಬೇಡ!" ಎಂದು ರೊವೀನಾ ಎದ್ದು ಹೋದಳು.

ಮುನ್ನೂರ ನಲವತ್ತೊಂದು. ಬೆಳಗಿನ ಪತ್ರದ ಪಕ್ಕದಲ್ಲಿಟ್ಟರೆ ಅದು ಏನೇನೂ ಅಲ್ಲ. ಆದರೆ ಈ ವಾರ ದೋಣಿ ನೀರಿನಿಂದ ಮೇಲೆ ಬಂದರೆ ಏಪ್ರಿಲ್‌ವರೆಗೆ ಇಳಿಯುವುದಿಲ್ಲ. ಹಾರದ ಶೆಡ್ಡು ನಿನ್ನೆಗೆ ಬೀಗ ಹಾಕಿತು. ಕಡಲಂಚಿನ ಕೆಸರಲ್ಲಿ ಚಿಪ್ಪುಮೀನು ಅಗೆದು ವೇಡ್ ತರುವುದು ಸೀಮೆಎಣ್ಣೆಗೂ ದಿನಸಿಗೂ ಸರಿಹೋಗುತ್ತದೆ. ಒಂದು ತಲೆ ಕಡಿಮೆಯಾದರೆ ಅರ್ಧ ಉಳಿಯುತ್ತದಲ್ಲ, ನೂರ ಎಪ್ಪತ್ತು; ನೂರ ಎಪ್ಪತ್ತಾದರೆ ಹೇಗಾದರೂ ತೂಗಬಹುದು ಎನ್ನಿಸಿತು ಮಾರ್ನಿಗೆ. ವೇಡ್‌ನ ಹೆಸರು ತೆಗೆಯುವಂತಿಲ್ಲ. ಅವನು ಹಗ್ಗ, ರಾಟೆ, ಅಲೆಗಳ ನಡುವೆ ನಿಂತು ದುಡಿಯುವವನು. ಬ್ಯಾಂಗರಿಗೆ ಫೋನು ಮಾಡಿ ಏಳನೇ ತಾರೀಕನ್ನು ಮುಂದಕ್ಕೆ ಹಾಕಿಸಿದರಾಯಿತು. ಜನವರಿ ದಾಟಿಸಬೇಡಿ ಅಂದಿದ್ದರು, ಹೌದು. ಆದರೆ ವೈದ್ಯರು ಎಲ್ಲರಿಗೂ ಹಾಗೇ ಅನ್ನುತ್ತಾರೇನೋ. ಇಳಿದರೂ ಇಳಿಯಬಹುದು, ಯಾರು ಕಂಡವರು.

ಅವಳು ಪುಟಗಳನ್ನು ಹಿಂದಕ್ಕೆ ಸರಿಸಿದಳು. ಮೂವರ ಹೆಸರು ಸಾಲಾಗಿ ಬಂದವು, ಪ್ರತಿಯೊಂದರ ಮುಂದೆಯೂ ಒಂದೇ ಪ್ರಶ್ನೆ: ಈ ವ್ಯಕ್ತಿಗೆ ವಿಮೆ ಬೇಕೇ? ವೇಡ್, ಬೇಕು. ಜೋಸಿ, ಬೇಕು. ತನ್ನ ಹೆಸರಿನ ಮುಂದೆ ಅವಳು ಬೇಡ ಎಂದು ಒತ್ತಿ, ಅದೇ ಬೆಳ್ಳಿಯ ಬೆಲೆ ಬರುವುದನ್ನೇ ಕಾದಳು.

ಮುನ್ನೂರ ನಲವತ್ತೆಂಟು.

ಮಾರ್ನಿ ಕಣ್ಣುಜ್ಜಿಕೊಂಡಳು. ಒಂದು ತಲೆ ಕಮ್ಮಿಯಾಗಿ ಬೆಲೆ ಏಳು ಡಾಲರ್ ಏರುವುದೆಂದರೆ! ತಾನೇ ಏನೋ ತಪ್ಪು ಒತ್ತಿರಬೇಕೆಂದುಕೊಂಡು ಹಿಂದಕ್ಕೆ ಹೋಗಿ ಬೇಕು ಎಂದು ಒತ್ತಿದಳು. ಮುನ್ನೂರ ನಲವತ್ತೊಂದು. ಮತ್ತೆ ಬೇಡ. ಮುನ್ನೂರ ನಲವತ್ತೆಂಟು. ಅವಳ ಹೆಸರು ಹೋದ ಕೂಡಲೇ ಸಹಾಯಧನವೂ ಅವಳ ಬೆನ್ನು ಹಿಡಿದು ಹೊರಟುಹೋಗುತ್ತಿತ್ತು. ರೊವೀನಾ ಹೇಳಿದ ಮನೆ ಲೆಕ್ಕ ಅದೇ: ಮನೆಯವರು ಕೊಡಬೇಕಾದ ಪಾಲು ನಿಲ್ಲುವುದು ಮನೆಯ ಆದಾಯದ ಮೇಲೆ, ತಲೆ ಕಡಿಮೆಯಾದರೆ ಅದು ಇಳಿಯುವುದಿಲ್ಲ. ಆದರೆ ಮಾರ್ನಿಗೆ ಕಂಡದ್ದು ಇಷ್ಟೇ: ತಾನು ಎದ್ದು ನಡೆದರೂ ಮನೆಗೆ ಏನೂ ಉಳಿಯುತ್ತಿಲ್ಲ. ಹೀಗೂ ಇರುತ್ತದೆಯೇ? ಅವಳು ಅದನ್ನು ನಂಬಲಾರದೆ ಮತ್ತೊಮ್ಮೆ ಹಿಂದಕ್ಕೆ ಹೋದಳು. ಬೇಕು. ಬೇಡ. ಬೇಕು. ಬೆರಳ ತುದಿಯ ರಾಳ ಮೌಸಿಗೆ ಅಂಟಿ ಅಂಟಿ ಬಿಡುತ್ತಿತ್ತು. ಯಂತ್ರ ಈಗಲೂ ತಪ್ಪು ಗುಣಿಸಿರಬೇಕು, ಒಂದು ತಲೆ ಕಡಿಮೆಯಾದರೆ ಬಿಲ್ಲಿನಲ್ಲಾದರೂ ಉಳಿದೀತು ಎಂದುಕೊಂಡು, ಕೊನೆಗೆ ಬೇಡದ ಮೇಲೆ ನಿಲ್ಲಿಸಿ, ಶಾಲನ್ನು ಗದ್ದದವರೆಗೆ ಎಳೆದುಕೊಂಡು, 'ಮುಂದುವರಿಸಿ' ಎನ್ನುವ ಗುಂಡಿಯ ಕಡೆಗೆ ಬಾಣವನ್ನು ಸರಿಸಿದಳು.

ಪಕ್ಕದಲ್ಲಿ ಬಣ್ಣ ಹಚ್ಚುವುದು ಯಾವಾಗ ನಿಂತಿತೋ ಅವಳು ಗಮನಿಸಿರಲಿಲ್ಲ. ಜೋಸಿ ಹಸಿರು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಪರದೆಯನ್ನೇ ನೋಡುತ್ತಿದ್ದಳು. ಎರಡು ತಿಂಗಳಿಂದ ಶಾಲನ್ನು ನೋಡಿ ನೋಡಿ ಬೇರೆ ಕಡೆ ತಿರುಗುತ್ತಿದ್ದ ಹುಡುಗಿ ಈ ಸಲ ತಿರುಗಲಿಲ್ಲ. ಅಮ್ಮನ ಮಣಿಕಟ್ಟನ್ನು ಹಿಡಿದುಕೊಂಡಳು. ಪುಸ್ತಕಗಳ ನಡುವೆ ಮೆತ್ತಗೆ ಮಾತಾಡಬೇಕೆಂಬುದು ಅವಳಿಗೆ ಮರೆತೇಹೋಗಿತ್ತು. ಪ್ರಿಂಟರಿನ ಹತ್ತಿರ ಬಗ್ಗಿದ್ದ ರೊವೀನಾ ತಲೆಯೆತ್ತಿ ನೋಡುವಷ್ಟು ಜೋರಾಗಿ ಬಂತು ಅವಳ ದನಿ.

"ನಿಂಗ್ಯಾಕೆ ಬೇಡ ಅಂತ ಒತ್ತಿದೆ ಅಮ್ಮ? ನಿನ್ನ ಕುತ್ತಿಗೇಲಿರೋದು ಶೀತದ ಗಂಟಲ್ಲ, ಅಲ್ವಾ?"